ಶನಿವಾರದ ಸಭೆಗೆ ಸೇರುವ ಮೊದಲು ಏನೇನು ನೋಡಬೇಕು? ಅಪ್ಪನ ವಿಷಯದಲ್ಲಿ ಬಂದು ನಿಂತಿದ್ದೇನೆ

ಬೆಟಗೇರಿಯ ಮಗಳು ಕೇಳಿದ ಪ್ರಶ್ನೆ

ಎಲ್ಲರಿಗೂ ವಂದನೆ. ನಾನು ಗದಗ ಬೆಟಗೇರಿಯವಳು. ಮದುವೆಯಾಗಿ ಬೆಂಗಳೂರಿಗೆ ಬಂದು ಹತ್ತು ವರ್ಷ ಆಯಿತು. ಬಾಸೆಲ್ ಮಿಷನ್ ಕಾಲದಿಂದ ಕ್ರೈಸ್ತರಾಗಿರುವ ಮನೆತನ ನಮ್ಮದು. ಈಗ ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ. ನಾನು ಮೂರು ತಿಂಗಳ ಕೂಸಾಗಿದ್ದಾಗಲೇ ದೀಕ್ಷಾಸ್ನಾನ ಆಯಿತು. ಒಂಬತ್ತನೇ ಕ್ಲಾಸಿನಲ್ಲಿ ಬಿಷಪ್ಪರು ತಲೆ ಮೇಲೆ ಕೈಯಿಟ್ಟು ದೃಢೀಕರಣ ಮಾಡಿದರು. ಇಷ್ಟು ವರ್ಷ ನನ್ನ ಸಭೆ ಏನು ನಂಬುತ್ತದೆ ಎಂದು ನಾನು ಒಂದು ದಿನವೂ ಯೋಚನೆ ಮಾಡಿರಲಿಲ್ಲ.

ಹೋದ ಆಗಸ್ಟಿನಲ್ಲಿ ಅಪ್ಪ ತೀರಿಕೊಂಡರು. ಊರಿಗೆ ಹೋಗಿ ಮಣ್ಣು ಮುಗಿಸಿ ವಾಪಸ್ ಬಂದಾಗ ನನ್ನ ಕೈಕಾಲೇ ಆಡುತ್ತಿರಲಿಲ್ಲ. ಮೇಲಿನ ಮನೆಯ ಆಂಟಿ ಹನ್ನೆರಡು ದಿನ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಬಾಗಿಲು ತಟ್ಟಿದರು. ಕೈಯಲ್ಲಿ ಸ್ಟೀಲ್ ಡಬ್ಬಿ. ಅನ್ನ, ಬೇಳೆ ಸಾರು, ಒಂದು ಪಲ್ಯ. ಏನೂ ಉಪದೇಶ ಮಾಡಲಿಲ್ಲ. ಸುಮ್ನೆ ಕುಳಿತು ನಾನು ಊಟ ಮಾಡುವುದನ್ನು ನೋಡಿ, ಡಬ್ಬಿ ತೊಳೆದುಕೊಂಡು ಹೋಗುತ್ತಿದ್ದರು. ಅವರು ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯವರು, ನಮ್ಮ ಬೀದಿಯಲ್ಲಿ ಎಲ್ಲರೂ ‘ಶನಿವಾರದ ಸಭೆ’ ಎನ್ನುತ್ತಾರಲ್ಲ, ಅದು.

ಅವರ ಜೊತೆ ಒಂದು ಶನಿವಾರ ಹೋದೆ. ಆಮೇಲೆ ಪ್ರತಿ ಶನಿವಾರ ಹೋಗತೊಡಗಿದೆ. ಅಲ್ಲಿ ಪೂಜೆಗೆ ಮೊದಲು ಎಲ್ಲರೂ ಗುಂಪು ಗುಂಪಾಗಿ ಕುಳಿತು ಸತ್ಯವೇದದ ಪಾಠ ಓದುತ್ತಾರೆ. ದೊಡ್ಡವರೂ ಪ್ರಶ್ನೆ ಕೇಳುತ್ತಾರೆ. ನನಗೆ ಅದು ಬಹಳ ಹಿಡಿಸಿತು. ಗುರುವಾರ ಸಂಜೆ ಪಾಸ್ಟರ್ ಮತ್ತು ಅವರ ಹೆಂಡತಿ ಮನೆಗೇ ಬಂದು ಪಾಠ ಮಾಡುತ್ತಾರೆ. ಈಗ, ಬರುವ ತಿಂಗಳು ಮುಳುಗಿಸಿ ದೀಕ್ಷಾಸ್ನಾನ ಕೊಡುತ್ತೇವೆ, ನೀವೂ ತೆಗೆದುಕೊಳ್ಳಿ ಎಂದಿದ್ದಾರೆ. ಒಂದು ಹಾಳೆ ಕೊಟ್ಟಿದ್ದಾರೆ. ಅದರಲ್ಲಿ 13 ಪ್ರತಿಜ್ಞೆಗಳಿವೆ. ಸಭೆಯ ಮುಂದೆ ನಿಂತು ಎಲ್ಲಕ್ಕೂ ಹೌದು ಎನ್ನಬೇಕು.

ಹತ್ತಕ್ಕೆ ನಾನು ಮನಸಾರೆ ಹೌದು ಎನ್ನಬಲ್ಲೆ. ಮೂರಕ್ಕೆ ಬಾಯಿ ಬರುತ್ತಿಲ್ಲ.

ಅದಕ್ಕಿಂತ ದೊಡ್ಡದು ಅಪ್ಪನ ವಿಷಯ. ಸಮಾಧಿಯ ಹತ್ತಿರ ನಮ್ಮ ಸಭೆಯ ಬೋಧಕರಾದ ಅಯ್ಯನವರು ‘ಇವರು ಈಗ ಕರ್ತನ ಬಳಿ ಇದ್ದಾರೆ’ ಎಂದರು. ಆ ಒಂದು ಮಾತು ಹಿಡಿದುಕೊಂಡು ನಾನು ಬೆಂಗಳೂರಿನವರೆಗೆ ಬಸ್ಸಿನಲ್ಲಿ ಬಂದವಳು. ಇಲ್ಲಿ ಪಾಠದಲ್ಲಿ ಹೇಳಿದ್ದು ಬೇರೆ. ಸತ್ತವರಿಗೆ ಏನೂ ತಿಳಿಯುವುದಿಲ್ಲ, ಕರ್ತನು ಬರುವ ತನಕ ನಿದ್ರೆ ಮಾಡುತ್ತಾರೆ ಅಷ್ಟೇ ಎಂದು. ಪಾಸ್ಟರ್ ಬಹಳ ಮೆತ್ತಗೆ ಹೇಳಿದರು. ಆದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅವ್ವನಿಗೆ ಫೋನಿನಲ್ಲಿ ಹೇಳಿದೆ. ‘ಆ ಸಭೆ ಸೇರಿದ್ರ ನಾಳೆ ನಿನ್ನ ಎಲ್ಲಿ ಮಣ್ಣು ಮಾಡ್ತಾರ? ಅಪ್ಪನ ಹತ್ರ ಜಾಗ ಸಿಗ್ತದೇನು?’ ಎಂದು ಅತ್ತಳು.

ಒಂದು ಪಂಗಡದ ನಂಬಿಕೆಯನ್ನು ಹೇಗೆ ತೂಗಿ ನೋಡಬೇಕು? ಏನು ಓದಬೇಕು, ಯಾರನ್ನು ಏನು ಕೇಳಬೇಕು? ದಯವಿಟ್ಟು ಜಗಳ ಬೇಡ. ಆಂಟಿಯ ಸಭೆಯನ್ನು ಬೈಯುವವರು ಉತ್ತರ ಬರೆಯಬೇಡಿ. ಅವರು ನನಗೆ ಅನ್ನ ಹಾಕಿದ್ದಾರೆ.

---

ಕೋಲಾರದ ಮೆಥಡಿಸ್ಟ್ ಬರೆದ ಉತ್ತರ

ಸಿಸ್ಟರ್, ಚಿಕ್ಕದಾಗಿ ಹೇಳುತ್ತೇನೆ. ಅವರ ಬಳಿ 28 ಮೂಲ ನಂಬಿಕೆಗಳ ಪಟ್ಟಿ ಇದೆ. ಪಾಠದ ಪುಸ್ತಕ ಬೇರೆ, ಅದು ಬೇರೆ. ಪಾಠ ನಿಮ್ಮನ್ನು ಒಂದೊಂದೇ ಮೆಟ್ಟಿಲು ಹತ್ತಿಸುತ್ತದೆ. ಪಟ್ಟಿ ಇಡೀ ಮನೆಯನ್ನು ಒಂದೇ ಸಲ ತೋರಿಸುತ್ತದೆ. ಮೊದಲು ಪಟ್ಟಿ ತೆಗೆದುಕೊಂಡು ಒಬ್ಬರೇ ಕುಳಿತು ಓದಿ. ಯಾವುದರ ಪಕ್ಕ ಸತ್ಯವೇದದ ಯಾವ ವಚನ ಕೊಟ್ಟಿದ್ದಾರೆ ನೋಡಿ. ವಚನವನ್ನಷ್ಟೇ ಅಲ್ಲ, ಆ ಅಧ್ಯಾಯ ಪೂರ್ತಿ ಓದಿ. ಬೆರೋಯ ಊರಿನವರು ಅಪೊಸ್ತಲ ಪೌಲನ ಮಾತನ್ನೇ ದಿನವೂ ಶಾಸ್ತ್ರ ತೆಗೆದು ಹೌದೋ ಅಲ್ಲವೋ ಎಂದು ನೋಡಿದರಲ್ಲ, ಅಪೊಸ್ತಲರ ಕೃತ್ಯಗಳು 17ರಲ್ಲಿ. ಹಾಗೆ ನೋಡಿದ್ದಕ್ಕೆ ಅವರಿಗೆ ಬೈಗುಳ ಸಿಗಲಿಲ್ಲ, ಹೊಗಳಿಕೆ ಸಿಕ್ಕಿತು.

ಇನ್ನೊಂದು, 13ನೇ ನಂಬಿಕೆಯನ್ನು ಬಿಡದೆ ಓದಿ. ‘ಉಳಿದ ಜನ’ ಎಂಬ ವಿಷಯ ಅದು. ಕಡೇ ಕಾಲಕ್ಕೆ ದೇವರು ಎಬ್ಬಿಸಿದ ವಿಶೇಷ ಗುಂಪು ಎಂದು ಅವರು ತಮ್ಮನ್ನು ಕಾಣುತ್ತಾರೆ. ಬೇರೆ ಸಭೆಗಳಲ್ಲೂ ನಿಜವಾದ ವಿಶ್ವಾಸಿಗಳಿದ್ದಾರೆ ಎಂದೂ ಒಪ್ಪುತ್ತಾರೆ. ಆ ಎರಡು ಮಾತು ಅವರ ಮನಸ್ಸಿನಲ್ಲಿ ಹೇಗೆ ಜೊತೆಗಿವೆ ಎಂದು ಪಾಸ್ಟರ್ ಹತ್ತಿರ ನೇರವಾಗಿ ಕೇಳಿ. ನಿಮ್ಮ ಅವ್ವನನ್ನು ಇನ್ನು ಮುಂದೆ ಯಾವ ಕಣ್ಣಿನಿಂದ ನೋಡಬೇಕು ಎಂಬುದು ಆ ಉತ್ತರದಲ್ಲಿ ಗೊತ್ತಾಗುತ್ತದೆ.

---

ಬಲ್ಮಠದ ಅಜ್ಜ ಬರೆದ ಉತ್ತರ

ಮಗಳೇ, ನಾನು ಮಂಗಳೂರಿನವನು, ಮೇಷ್ಟ್ರಾಗಿ ನಿವೃತ್ತನಾದವನು. 22 ವರ್ಷ ಸಭೆಯ ಹಿರಿಯನಾಗಿ ಕೆಲಸ ಮಾಡಿದ್ದೇನೆ. ನಿನ್ನ ಪ್ರಶ್ನೆಯಲ್ಲಿ ಒಂದು ಸಾಲು ನನ್ನನ್ನು ಚುಚ್ಚಿತು. ನನ್ನ ಸಭೆ ಏನು ನಂಬುತ್ತದೆ ಎಂದು ಒಂದು ದಿನವೂ ಯೋಚನೆ ಮಾಡಿರಲಿಲ್ಲ ಎಂದಿದ್ದೀಯಲ್ಲ. ಅದು ನಿನ್ನ ತಪ್ಪಲ್ಲ. ನಮ್ಮಂಥ ಹಿರಿಯರ ತಪ್ಪು. ದೃಢೀಕರಣದ ಕ್ಲಾಸಿನಲ್ಲಿ ಬಾಯಿಪಾಠ ಮಾಡಿಸಿ ಬಿಟ್ಟೆವು.

ಹೊಸ ಮನೆ ನೋಡುವ ಮೊದಲು ಇರುವ ಮನೆಯನ್ನು ಒಮ್ಮೆ ಸುತ್ತಿ ನೋಡು. ಸ್ವಾತಂತ್ರ್ಯ ಬಂದ ಆರು ವಾರಕ್ಕೆ, 1947ರ ಸೆಪ್ಟೆಂಬರ್ 27ರಂದು, ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್ಲಿನಲ್ಲಿ ಸಿಎಸ್‌ಐ ಹುಟ್ಟಿತು. ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್, ಇವರೆಲ್ಲ ಹಲವು ವರ್ಷ ಮಾತಾಡಿ ಒಂದಾದರು. ಬಿಷಪ್ಪರಿರುವ ಸಭೆ, ಬಿಷಪ್ಪರೇ ಇಲ್ಲದ ಸಭೆ ಎರಡೂ ಒಂದೇ ಮೇಜಿಗೆ ಬಂದವು. ನಮ್ಮ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಅದರೊಳಗೇ ಲೂಥರನ್ನರೂ ಇದ್ದರು, ರಿಫಾರ್ಮ್ಡ್ ಪಂಗಡದವರೂ ಇದ್ದರು. ಹಾಗೆ ಒಂದಾಗಬೇಕಾದರೆ ಎಲ್ಲವನ್ನೂ ನಂಬರ್ ಹಾಕಿ ಬರೆಯಲು ಆಗುವುದಿಲ್ಲ, ಅಲ್ವಾ? ಸತ್ಯವೇದ, ಅಪೊಸ್ತಲರ ಮತ್ತು ನೈಸೀಯ ವಿಶ್ವಾಸ ಪ್ರಮಾಣ, ದೀಕ್ಷಾಸ್ನಾನ ಮತ್ತು ಪ್ರಭುಭೋಜನ, ಬಿಷಪ್ಪರ ಪರಂಪರೆ. ಇಷ್ಟನ್ನು ಗಟ್ಟಿಯಾಗಿ ಹಿಡಿದು ಉಳಿದದ್ದಕ್ಕೆ ಜಾಗ ಬಿಟ್ಟರು.

ಆ ಜಾಗವೇ ನಮ್ಮ ಬಲ. ನಮ್ಮ ಸೋಮಾರಿತನವೂ ಅಲ್ಲೇ ಕುಳಿತಿದೆ. ಅಡ್ವೆಂಟಿಸ್ಟರಲ್ಲಿ ಹಾಗಿಲ್ಲ. ಪ್ರತಿಯೊಂದಕ್ಕೂ ಉತ್ತರ ಬರೆದಿಟ್ಟಿದ್ದಾರೆ. ಬಾಯಾರಿದವರಿಗೆ ಅದು ತಣ್ಣೀರು ಕುಡಿದ ಹಾಗೆ ಅನಿಸುತ್ತದೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಬರೆದಿಟ್ಟಿದ್ದಾರೆ ಎಂಬುದು ಸಣ್ಣ ವಿಷಯವೂ ಅಲ್ಲ. ನನ್ನ ತಮ್ಮ ಒಂದು ಸ್ವತಂತ್ರ ಸಭೆಗೆ ಸೇರಿದ. ಹೆಸರು ಬೇಡ. ಅಲ್ಲಿ ನಂಬಿಕೆಯ ಪಟ್ಟಿ ಅಂತ ಒಂದು ಹಾಳೆಯೂ ಇರಲಿಲ್ಲ. ಪಾಸ್ಟರ್ ಆ ವಾರ ಏನು ಹೇಳಿದರೋ ಅದೇ ನಂಬಿಕೆ. ಒಂದು ಭಾನುವಾರ ‘ಮಾತ್ರೆ ಹಿಡಿದವನ ವಿಶ್ವಾಸ ಅರ್ಧ’ ಎಂದರು. ತಮ್ಮ ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟ. ಯಾರಿಗೂ ಹೇಳಲಿಲ್ಲ. ಎಡಗಾಲಿನ ಎರಡು ಬೆರಳು ಕಪ್ಪಾದಾಗ ಅವನ ಹೆಂಡತಿ ನನಗೆ ಫೋನ್ ಮಾಡಿದಳು. ಆಸ್ಪತ್ರೆಯಲ್ಲಿ ಬೆರಳು ತೆಗೆದರು, ಜೀವ ಉಳಿಯಿತು. ಸೇರುವ ಮೊದಲು ‘ಔಷಧದ ಬಗ್ಗೆ ನಿಮ್ಮ ಸಭೆ ಏನು ನಂಬುತ್ತದೆ’ ಎಂದು ಕೇಳಿದ್ದರೆ ಏನಾಗುತ್ತಿತ್ತು ಎಂದು ನಾನು ಈಗಲೂ ರಾತ್ರಿ ಯೋಚಿಸುತ್ತೇನೆ. ನೀನು ಕೇಳುತ್ತಿದ್ದೀಯ. ಒಳ್ಳೆಯದು ಮಾಡಿದೆ. ಅಡ್ವೆಂಟಿಸ್ಟರು ಆಸ್ಪತ್ರೆ ಕಟ್ಟಿ ನಡೆಸುವ ಜನ, ಆ ಭಯ ನಿನಗೆ ಅಲ್ಲಿ ಬೇಕಾಗಿಲ್ಲ.

ನನಗೆ ಅಲ್ಲಿ ಒಪ್ಪಿಗೆಯಾಗದ್ದು 24ನೇ ನಂಬಿಕೆ, ಪರಲೋಕದ ಗರ್ಭಗುಡಿಯಲ್ಲಿ ಕ್ರಿಸ್ತನು ಮಾಡುವ ಸೇವೆಯ ವಿಷಯ. ಅದರ ಕತೆ ತಿಳಿಯದೆ ಆ ಪಂಗಡ ಅರ್ಥವಾಗುವುದಿಲ್ಲ. ಅಮೆರಿಕದಲ್ಲಿ ವಿಲಿಯಂ ಮಿಲ್ಲರ್ ಎಂಬ ಬ್ಯಾಪ್ಟಿಸ್ಟ್ ರೈತ ದಾನಿಯೇಲ 8:14ರ 2300 ದಿನಗಳನ್ನು ವರ್ಷಗಳೆಂದು ಲೆಕ್ಕ ಹಾಕಿ, ಕರ್ತನು ಬರುವ ಕಾಲ ಬಂತು ಎಂದು ಸಾರಿದ. ಅವನ ಹಿಂದೆ ಹೋದವರು 1844ರ ಅಕ್ಟೋಬರ್ 22 ಎಂದು ದಿನ ಇಟ್ಟುಕೊಂಡರು. ಆ ರಾತ್ರಿ ಕಾದರು. ಕರ್ತನು ಬರಲಿಲ್ಲ. ಎಷ್ಟೋ ಜನ ಮನಸ್ಸು ಮುರಿದು ಹೋದರು. ಉಳಿದ ಕೆಲವರು, ದಿನ ಸರಿ, ಆದರೆ ನಡೆದ ಸಂಗತಿ ಬೇರೆ ಎಂದರು. ಆ ದಿನ ಯೇಸು ಪರಲೋಕದ ಗರ್ಭಗುಡಿಯಲ್ಲಿ ತನ್ನ ಸೇವೆಯ ಕಡೇ ಭಾಗ ಶುರು ಮಾಡಿದ, ವಿಶ್ವಾಸಿಗಳ ಲೆಕ್ಕ ನೋಡುವ ವಿಚಾರಣೆ ಅಂದಿನಿಂದ ನಡೆಯುತ್ತಿದೆ ಎಂದರು. 1863ರಲ್ಲಿ ಪಂಗಡವಾಗಿ ಸೇರಿದ್ದು ಈ ಜನರೇ.

ನಾನು ಇಬ್ರಿಯರಿಗೆ ಬರೆದ ಪತ್ರದ 9ನೇ ಅಧ್ಯಾಯವನ್ನು ಎಷ್ಟು ಸಲ ಓದಿದರೂ, ಕ್ರಿಸ್ತನು ಏರಿಹೋದಾಗಲೇ ಒಂದೇ ಸಲ ಒಳಗೆ ಹೋದ, ಬಿಡುಗಡೆ ಆಗಿಹೋಯಿತು ಎಂದೇ ಕಾಣುತ್ತದೆ. ಅವರ ಸಭೆಯೊಳಗೇ ಇದನ್ನು ಪ್ರಶ್ನೆ ಮಾಡಿದವರಿದ್ದಾರೆ. ಆಸ್ಟ್ರೇಲಿಯಾದ ಪಂಡಿತ ಡೆಸ್ಮಂಡ್ ಫೋರ್ಡ್ ಈ ಬೋಧನೆಗೆ ಶಾಸ್ತ್ರದ ಆಧಾರ ಸಾಲದು ಎಂದು ಬರೆದರು. 1980ರಲ್ಲಿ ಅವರ ಬೋಧಕ ಪದವಿಯನ್ನು ಹಿಂದಕ್ಕೆ ಪಡೆದರು. ಅಂದರೆ ಅವರಿಗೆ ಅದು ಅಂಚಿನ ವಿಷಯವಲ್ಲ, ಬೇರು.

ಇನ್ನು ನಿನ್ನ ಅಪ್ಪನ ವಿಷಯ. ನಮ್ಮ ಕಡೆ ಮರಣದ ಕಾಗದದಲ್ಲಿ ಏನು ಅಚ್ಚು ಹಾಕಿಸುತ್ತೇವೆ? ‘ಕರ್ತನಲ್ಲಿ ನಿದ್ರೆಹೋದರು.’ ನೀವೂ ಅದನ್ನೇ ಹಾಕಿಸಿರುತ್ತೀರಿ. ಮಾತು ನಮ್ಮದೂ ಅದೇ, ಅವರದೂ ಅದೇ. ಅರ್ಥ ಬೇರೆ. ಸತ್ತವರಿಗೆ ಏನೂ ತಿಳಿಯದು ಎನ್ನುವ ಪ್ರಸಂಗಿ 9:5, ಸತ್ತ ಲಾಜರನನ್ನು ಯೇಸು ನಿದ್ರೆಮಾಡುತ್ತಿದ್ದಾನೆ ಎಂದ ಕತೆ, ಇವನ್ನು ಅವರು ತೋರಿಸುತ್ತಾರೆ. ನಾನು ಫಿಲಿಪ್ಪಿ 1:23 ತೋರಿಸುತ್ತೇನೆ, ಅಲ್ಲಿ ಪೌಲನು ಹೊರಟುಹೋಗಿ ಕ್ರಿಸ್ತನ ಜೊತೆ ಇರಬೇಕೆಂದು ಆಸೆಪಡುತ್ತಾನೆ. ಲೂಕ 23:43 ಕೂಡ. ಶಿಲುಬೆಯ ಮೇಲಿನ ಕಳ್ಳನಿಗೆ ಯೇಸು ಹೇಳಿದ ಮಾತು. ಆ ವಚನದ ಮೂಲ ಗ್ರೀಕಿನ ಹಳೇ ಪ್ರತಿಗಳಲ್ಲಿ ನಮ್ಮ ಹಾಗೆ ಅಲ್ಪವಿರಾಮ ಇರಲಿಲ್ಲ. ಅದಕ್ಕೇ ‘ಈಹೊತ್ತು ಹೇಳುತ್ತೇನೆ’ ಎಂದು ಅವರು ಓದುತ್ತಾರೆ, ‘ಈಹೊತ್ತು ಪರದೈಸಿನಲ್ಲಿರುವಿ’ ಎಂದು ನಾವು ಓದುತ್ತೇವೆ. ಕನ್ನಡದಲ್ಲಿ ‘ಎಂದು’ ಎಂಬ ಪದ ಇರುವುದರಿಂದ ಅನುವಾದ ಮಾಡಿದವರು ಒಂದು ಕಡೆ ನಿಲ್ಲಲೇಬೇಕಾಯಿತು. ‘ಈಹೊತ್ತು’ ಎಂಬುದನ್ನು ಅವರು ‘ಎಂದು’ವಿನ ಒಳಗೆ ಇಟ್ಟರು, ಪರದೈಸಿನ ಪಕ್ಕ. ನಿನ್ನ ಸತ್ಯವೇದ ತೆಗೆದು ನೋಡು. ಯಾರ ಮಾತಿಗಿಂತ ಮೊದಲು ನಿನ್ನ ಕಣ್ಣಿನಿಂದ ನೋಡು.

ಸಮಾಧಿ ಜಾಗದ ಬಗ್ಗೆ ನಿಮ್ಮ ಊರಿನ ಅಯ್ಯನವರನ್ನೇ ಕೇಳಬೇಕು. ಸಮಾಧಿ ಭೂಮಿ ಸಭೆಯ ಕೈಯಲ್ಲಿರುತ್ತದೆ, ಸದಸ್ಯತ್ವದ ಪತ್ರ ಕೇಳುವುದುಂಟು. ಬೇರೆ ಸಭೆಗೆ ಹೋದವರ ಮನವಿ ನಮ್ಮ ಕಮಿಟಿಗೂ ಬಂದದ್ದಿದೆ, ಅಪ್ಪ ಅಮ್ಮನ ಪಕ್ಕ ಎಂದರೆ ನಾವು ಇಲ್ಲ ಎಂದಿರಲಿಲ್ಲ. ಅವ್ವನ ಮಾತನ್ನು ಸಣ್ಣದೆಂದು ತಳ್ಳಬೇಡ.

---

ಮೈಸೂರಿನ ನರ್ಸ್ ಬರೆದ ಉತ್ತರ

ತಂಗಿ, ನಾನು ಸಿಎಸ್‌ಐ ಬಿಟ್ಟು ಅಡ್ವೆಂಟಿಸ್ಟ್ ಸಭೆಗೆ ಸೇರಿ 11 ವರ್ಷ ಆಯಿತು. ಅಜ್ಜ ಬರೆದದ್ದರಲ್ಲಿ ತಪ್ಪಿಲ್ಲ. 1844ರ ವಿಷಯ ನನಗೂ ಒಂದು ವರ್ಷ ನುಂಗಲಾಗಲಿಲ್ಲ. ಈಗ ನಾನು ಅದನ್ನು ನಂಬುತ್ತೇನೆ, ಆದರೆ ನಿನ್ನನ್ನು ಇಲ್ಲಿ ಒಪ್ಪಿಸಲು ಹೋಗುವುದಿಲ್ಲ. ಸೇರಿದ ಮೇಲೆ ದಿನ ಹೇಗಿರುತ್ತದೆ ಎಂದು ಹೇಳುತ್ತೇನೆ. ಅದನ್ನು ಯಾವ ಪಾಠದಲ್ಲೂ ಯಾರೂ ಹೇಳಿರುವುದಿಲ್ಲ.

ಶುಕ್ರವಾರ ಸೂರ್ಯ ಮುಳುಗುವುದರಿಂದ ಶನಿವಾರ ಸೂರ್ಯ ಮುಳುಗುವ ತನಕ ಸಬ್ಬತ್, ಅಂದರೆ ವಿಶ್ರಾಂತಿಯ ದಿನ. ಚಳಿಗಾಲದಲ್ಲಿ ಸಂಜೆ ಆರಕ್ಕೆಲ್ಲ ಶುರು. ಅಷ್ಟರೊಳಗೆ ನಾಳೆಯ ಅಡುಗೆ, ಬಟ್ಟೆ ಇಸ್ತ್ರಿ, ತರಕಾರಿ, ಎಲ್ಲ ಮುಗಿದಿರಬೇಕು. ಮೊದಲ ವರ್ಷ ನಾನು ಶುಕ್ರವಾರ ಓಡಿ ಓಡಿ ಸುಸ್ತಾಗಿ ಅಳುತ್ತಿದ್ದೆ. ಈಗ ಬಾಗಿಲು ಹಾಕಿ, ದೀಪ ಹಚ್ಚಿ, ಮಕ್ಕಳ ಜೊತೆ ಹಾಡಲು ಕುಳಿತಾಗ ಇಡೀ ವಾರದ ಭಾರ ಇಳಿಯುತ್ತದೆ. ಇದು ನನಗೆ ಸಿಕ್ಕಿದ್ದು. ಕಳೆದುಕೊಂಡದ್ದೂ ಇದೆ. ಆಸ್ಪತ್ರೆ ಕೆಲಸ ಶನಿವಾರ ಮಾಡಬಹುದು, ರೋಗಿಯನ್ನು ನೋಡುವುದು ಪಾಪವಲ್ಲ. ಆದರೆ ಮಗನ ಒಂದು ಪ್ರವೇಶ ಪರೀಕ್ಷೆ ಶನಿವಾರ ಬಿತ್ತು. ದಿನ ಬದಲಿಸಲು ಎಷ್ಟು ಪತ್ರ ಬರೆದರೂ ಆಗಲಿಲ್ಲ. ಅವನು ಬರೆಯಲಿಲ್ಲ. ಆ ಕಾಲೇಜು ಹೋಯಿತು. ಅವನೇ ತೀರ್ಮಾನ ಮಾಡಿದ್ದ, ಆದರೂ ಆ ಇಡೀ ದಿನ ನಾನು ಅವನ ಮುಖ ನೋಡಿಕೊಂಡೇ ಇದ್ದೆ. ನಿನಗೆ ಶನಿವಾರ ಆಫೀಸ್ ಇದೆಯಾ? ಮಕ್ಕಳಿದ್ದರೆ ಅವರಿಗೆ ಸ್ಕೂಲ್ ಇದೆಯಾ? ಇದನ್ನು ಈಗಲೇ ಗಂಡನ ಜೊತೆ ಕುಳಿತು ಮಾತಾಡು.

ಊಟದಲ್ಲಿ ಯಾಜಕಕಾಂಡ 11ರ ಲೆಕ್ಕ. ಹಂದಿ ಇಲ್ಲ. ಸೀಗಡಿ, ಏಡಿ ಇಲ್ಲ. ಕುಡಿತ, ತಂಬಾಕು ಪೂರ್ತಿ ಇಲ್ಲ. ತುಂಬಾ ಜನ ಮಾಂಸವನ್ನೇ ಬಿಟ್ಟಿರುತ್ತಾರೆ, ಆದರೆ ಅದು ಕಡ್ಡಾಯವಲ್ಲ. ಒಡವೆ ಹಾಕದಿರುವುದು ಬಹಳ ಕಡೆ ರೂಢಿ. ನನ್ನ ಅಮ್ಮ ಕೊಟ್ಟ ಬಳೆ ತೆಗೆದಿಟ್ಟ ದಿನ ಅಮ್ಮ ನನ್ನ ಜೊತೆ ಮಾತು ಬಿಟ್ಟಳು. ನಾಲ್ಕು ತಿಂಗಳು. ನಿನ್ನ ಸಭೆಯಲ್ಲಿ ಎಷ್ಟು ಬಿಗಿ ಎಂದು ಆಂಟಿಯನ್ನೇ ಕೇಳು.

ದುಡ್ಡಿನ ಬಗ್ಗೆ ಒಂದು ಒಳ್ಳೆಯ ಮಾತು. ದಶಮಾಂಶ, ಅಂದರೆ ಆದಾಯದ ಹತ್ತನೇ ಒಂದು ಪಾಲು ಕೊಡಬೇಕು. ಆದರೆ ಅದು ಸ್ಥಳೀಯ ಪಾಸ್ಟರ್ ಜೇಬಿಗೆ ಹೋಗುವುದಿಲ್ಲ, ಮೇಲಿನ ಆಡಳಿತ ಮಂಡಳಿಯಾದ ಕಾನ್ಫರೆನ್ಸಿಗೆ ಹೋಗುತ್ತದೆ. ಪಾಸ್ಟರಿಗೆ ಸಂಬಳ ಅಲ್ಲಿಂದಲೇ ಬರುತ್ತದೆ. ಅದಕ್ಕೇ ನನ್ನ ಪಾಸ್ಟರ್ ಹಣವಂತರ ಮುಖ ನೋಡಿ ಪ್ರಸಂಗ ಮಾಡುವುದನ್ನು ನಾನು ನೋಡಿಲ್ಲ. ಭಾರತದ ಕೆಲಸ ನೋಡುವ ದೊಡ್ಡ ಕಚೇರಿ ಹೊಸೂರಿನಲ್ಲಿದೆ. ತಕರಾರು ಇದ್ದರೆ ಹೇಳಿಕೊಳ್ಳಲು ಮೇಲೆ ಯಾರೋ ಇದ್ದಾರೆ ಎಂಬುದೂ ಒಂದು ಧೈರ್ಯ.

ಹೆಣ್ಣುಮಗಳಾಗಿ ನೀನು ಕೇಳಬೇಕಾದದ್ದು ಇನ್ನೊಂದಿದೆ. ನಿಮ್ಮ ಸಿಎಸ್‌ಐಯಲ್ಲಿ ಹೆಂಗಸರು ಅಯ್ಯನವರಾಗಿ ದಶಕಗಳೇ ಆದವು. 2013ರಲ್ಲಿ ಒಬ್ಬ ಹೆಂಗಸು ನಂದ್ಯಾಲದ ಬಿಷಪ್ ಕೂಡ ಆದರು. ನಮ್ಮಲ್ಲಿ ಈ ವಿಷಯವನ್ನು ಪ್ರತಿ ಪ್ರದೇಶ ತಾನೇ ತೀರ್ಮಾನಿಸಲಿ ಎಂಬ ಪ್ರಶ್ನೆ 2015ರಲ್ಲಿ ಅಮೆರಿಕದ ಸ್ಯಾನ್ ಆಂಟೋನಿಯೋದಲ್ಲಿ ಮತಕ್ಕೆ ಬಂತು. ಬೇಡ ಎಂದವರು 1,381, ಬೇಕು ಎಂದವರು 977. ನಮ್ಮ ಪಂಗಡದಲ್ಲಿ ಪ್ರವಾದಿನಿಯ ವರ ಪಡೆದವರೆಂದು ನಂಬುವ ಎಲೆನ್ ವೈಟ್ ಹೆಂಗಸು. ಆದರೂ ಮತ ಹೀಗೆ ಬಿತ್ತು. ನನಗೆ ಇದು ಈಗಲೂ ನೋವು.

ಎಲೆನ್ ವೈಟ್ ಬಗ್ಗೆ 18ನೇ ನಂಬಿಕೆಯಲ್ಲಿದೆ. ಎಲ್ಲ ಬೋಧನೆಗೂ ಸತ್ಯವೇದವೇ ಅಳತೆಗೋಲು ಎಂದು ಅಲ್ಲೇ ಬರೆದಿದೆ. ಆದರೆ ಬರೆದಿರುವುದನ್ನಷ್ಟೇ ನೋಡಬೇಡ. ಒಂದು ತಿಂಗಳು ಪ್ರಸಂಗ ಕೇಳುತ್ತಾ, ಅವರ ಮಾತನ್ನು ಎಷ್ಟು ಸಲ ತೆಗೆಯುತ್ತಾರೆ, ಅವರ ಮಾತಿನ ಮೇಲೆ ಯಾರಾದರೂ ಪ್ರಶ್ನೆ ಕೇಳಿದರೆ ಏನಾಗುತ್ತದೆ ಎಂದು ಗಮನಿಸು. ನಾನು ಹಾಗೇ ಮಾಡಿದ್ದು.

ಕೊನೆಯದು. 13ರ ಬದಲು ಮೂರೇ ಪ್ರಶ್ನೆಯ ಚಿಕ್ಕ ನಮೂನೆಯೂ ಇದೆ. ಯಾರಾದರೂ ಅದನ್ನು ತೋರಿಸಿ ಇದು ಸುಲಭ ಎಂದರೆ ನಂಬಬೇಡ. ಅದರಲ್ಲೂ ಮೂಲ ನಂಬಿಕೆಗಳನ್ನು ಒಪ್ಪುತ್ತೀಯಾ ಎಂದೇ ಕೇಳುತ್ತಾರೆ, ಅಂದರೆ ಎಲ್ಲ 28. ಬಾಯಿ ಬರದಿದ್ದರೆ ತಡೆ. ನನ್ನನ್ನು ಕೇಳಿದ್ದು ಮೂರು ಸಲ. ನಾಲ್ಕನೇ ಸಲ ನೀರಿಗೆ ಇಳಿದೆ. ಅಲ್ಲಿಯ ತನಕ ಸಬ್ಬತ್ ಪಾಠಕ್ಕೆ ಹೋದೆ, ಹಾಡಿದೆ, ಪ್ರಭುಭೋಜನಕ್ಕೂ ಕುಳಿತೆ. ನಮ್ಮಲ್ಲಿ ಕರ್ತನನ್ನು ನಂಬಿದ ಯಾರಿಗಾದರೂ ಪ್ರಭುಭೋಜನ ಇದೆ, ಸದಸ್ಯರಿಗೆ ಮಾತ್ರ ಅಲ್ಲ. ಅದಕ್ಕೆ ಮೊದಲು ಒಬ್ಬರ ಕಾಲು ಒಬ್ಬರು ತೊಳೆಯುತ್ತಾರೆ. ನನ್ನ ಕಾಲು ಮೊದಲ ಸಲ ತೊಳೆದವರು ಎಪ್ಪತ್ತರ ಮೇಲಿನ ಒಬ್ಬ ಅಜ್ಜಿ. ನಾನು ರಾತ್ರಿ ಪಾಳಿ ಮುಗಿಸಿ ಹೋಗಿದ್ದೆ, ಕಾಲು ಊದಿತ್ತು. ಆ ಅಜ್ಜಿ ಹಿಮ್ಮಡಿಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ಸ್ವಲ್ಪ ಹೊತ್ತು ಹಾಗೇ ಇದ್ದರು. ನನಗೆ ಸಭೆ ಎಂದರೆ ಮೊದಲು ನೆನಪಾಗುವುದು ಅದು. ನಿನಗೆ ಆ ಸ್ಟೀಲ್ ಡಬ್ಬಿ. ಅದು ನಿನ್ನನ್ನು ಒಳಗೆ ಕರೆದದ್ದು ನಿಜ. ಪ್ರತಿಜ್ಞೆಗೆ ಹೌದು ಎನ್ನುವುದು ಮಾತ್ರ ಬೇರೆ ಲೆಕ್ಕ ತಂಗಿ, ಡಬ್ಬಿಯ ಋಣ ತೀರಿಸಲು ಹೌದು ಎನ್ನಬೇಡ.

---

ಬೆಟಗೇರಿಯ ಮಗಳು ಮೂರು ವಾರದ ಮೇಲೆ ಬರೆದದ್ದು

ಅಜ್ಜ, ಅಕ್ಕ, ಕೋಲಾರದ ಅಣ್ಣ, ನಿಮಗೆಲ್ಲ ಕೈಮುಗಿಯುತ್ತೇನೆ. ಏನಾಯಿತು ಎಂದು ಹೇಳದೆ ಬಿಡುವುದು ಸರಿಯಲ್ಲ ಅನಿಸಿತು.

28 ನಂಬಿಕೆಗಳನ್ನು ಪೂರ್ತಿ ಓದಿದೆ. ರಾತ್ರಿ ಮಗಳು ಮಲಗಿದ ಮೇಲೆ, ಅಡುಗೆಮನೆಯ ಮೇಜಿನ ಮೇಲೆ, ಒಂದು ನೋಟ್‌ಬುಕ್ಕಿನಲ್ಲಿ ಎರಡು ಸಾಲು ಮಾಡಿ ಬರೆದುಕೊಂಡೆ. ಎಡಗಡೆ ಅವರು ಕೊಟ್ಟ ವಚನ. ಬಲಗಡೆ ಆ ಅಧ್ಯಾಯ ಓದಿದ ಮೇಲೆ ನನಗೆ ಅನಿಸಿದ್ದು. ಎಷ್ಟೊಂದು ನಂಬಿಕೆಗಳು ನಮ್ಮ ವಿಶ್ವಾಸ ಪ್ರಮಾಣದಲ್ಲಿ ಇರುವವೇ! ತ್ರಯೇಕ ದೇವರು, ಕ್ರಿಸ್ತನ ಮರಣ, ಪುನರುತ್ಥಾನ, ಕೃಪೆಯಿಂದ ರಕ್ಷಣೆ. ಅಲ್ಲೆಲ್ಲ ಬಲಗಡೆ ‘ಆಮೆನ್’ ಎಂದೇ ಬರೆದಿದ್ದೇನೆ. ಸಬ್ಬತ್ ವಿಷಯದಲ್ಲಿ ಅವರ ಮಾತು ನಾನು ಅಂದುಕೊಂಡಿದ್ದಕ್ಕಿಂತ ಗಟ್ಟಿಯಾಗಿದೆ. ಸಬ್ಬತ್ ದಿನ ಆಚರಿಸಬೇಕು ಎನ್ನುವ ವಿಮೋಚನಕಾಂಡ 20 ಓದಿ, ಸಬ್ಬತ್ತಿನ ವಿಷಯದಲ್ಲಿ ಯಾರೂ ನಿಮ್ಮನ್ನು ದೋಷಿಗಳೆಂದು ಎಣಿಸಬಾರದು ಎನ್ನುವ ಕೊಲೊಸ್ಸೆ 2:16 ಓದಿ, ಮತ್ತೆ ಹಿಂದೆ ಹೋಗಿ ಓದಿದೆ. ಇನ್ನೂ ಓದುತ್ತಿದ್ದೇನೆ. 24ರ ಮುಂದೆ ಬಲಗಡೆ ಖಾಲಿ.

ಗುರುವಾರ ಪಾಸ್ಟರ್ ಬಂದಾಗ ನೋಟ್‌ಬುಕ್ಕನ್ನೇ ಮುಂದೆ ಇಟ್ಟೆ. ಕೈ ನಡುಗುತ್ತಿತ್ತು. ಅವರು ಕನ್ನಡಕ ಹಾಕಿಕೊಂಡು ಒಂದೊಂದು ಪುಟವನ್ನೂ ಓದಿದರು. ಟೀ ಆರಿಹೋಯಿತು. ಉಳಿದ ಜನ ಎಂದರೆ ನನ್ನ ಅವ್ವ ಹೊರಗಿನವಳಾ ಎಂದು ಕೇಳಿದೆ. ‘ಅಲ್ಲ ತಾಯಿ. ಆಕೆ ಕರ್ತನವಳು. ನಿಮ್ಮ ಅವ್ವನ ಪ್ರಾರ್ಥನೆಯಿಂದಲೇ ನೀವು ಇಲ್ಲಿಯವರೆಗೆ ಬಂದಿರೋದು’ ಎಂದರು. ಅಪ್ಪನ ವಿಷಯ ಕೇಳಿದಾಗ ಬೋಧನೆಯನ್ನು ಅವರು ಸ್ವಲ್ಪವೂ ಸಡಿಲ ಮಾಡಲಿಲ್ಲ. ಸತ್ತವರು ನಿದ್ರಿಸುತ್ತಾರೆ ಎಂದೇ ಹೇಳಿದರು. ‘ನಿಮ್ಮ ಅಪ್ಪ ಕಣ್ಣು ಮುಚ್ಚಿದ್ದು, ಕಣ್ಣು ತೆರೆದು ಕರ್ತನನ್ನು ನೋಡೋದು, ನಡುವೆ ಅವರಿಗೆ ಒಂದು ಕ್ಷಣವೂ ಕಾದ ಹಾಗೆ ಅನಿಸೋದಿಲ್ಲ’ ಎಂದರು. ನನ್ನನ್ನು ಸಮಾಧಾನ ಮಾಡಲು ಬೇರೆ ಏನಾದರೂ ಹೇಳಬಹುದಿತ್ತು, ಹೇಳಲಿಲ್ಲ. ಅದಕ್ಕೆ ಅವರ ಮೇಲೆ ಗೌರವ ಜಾಸ್ತಿಯಾಯಿತು. ಆದರೂ ಅಜ್ಜ, ಲೂಕ 23:43 ನಾನು ನನ್ನ ಸತ್ಯವೇದದಲ್ಲಿ ನೋಡಿದೆ. ನೀವು ಹೇಳಿದ ಜಾಗದಲ್ಲೇ ಆ ಪದ ಇದೆ. ನಾನು ಅದನ್ನು ದಾಟಿ ಹೋಗಲಾರೆ.

ಬರುವ ತಿಂಗಳ ದೀಕ್ಷಾಸ್ನಾನಕ್ಕೆ ನಾನು ಹೆಸರು ಕೊಡುತ್ತಿಲ್ಲ. ಪಾಸ್ಟರಿಗೆ ಹೇಳಿದೆ. ಬಾಗಿಲು ತೆರೆದೇ ಇರುತ್ತದೆ ಎಂದರು. ಆಂಟಿಗೆ ಹೇಳುವಾಗ ನನಗೆ ಅಳು ಬಂತು. ಅವರು ‘ಶನಿವಾರ ಬರ್ತೀಯ ತಾನೇ? ಪಾಠದಲ್ಲಿ ನಿನ್ನ ಪ್ರಶ್ನೆ ಇಲ್ಲದಿದ್ದರೆ ನಮ್ಮ ಗುಂಪು ಬೇಗ ಮುಗಿದುಹೋಗುತ್ತೆ’ ಎಂದರು. ಬರುತ್ತೇನೆ ಎಂದಿದ್ದೇನೆ. ನನ್ನ ಆಫೀಸ್ ಶನಿವಾರ ಅರ್ಧ ದಿನ, ಇಷ್ಟು ದಿನ ರಜೆ ಹಾಕಿ ಹೋಗುತ್ತಿದ್ದೆ. ಇನ್ನು ತಿಂಗಳಿಗೆ ಎರಡು ಶನಿವಾರ. ಭಾನುವಾರ ಮೊದಲಿನ ಹಾಗೆ ನಮ್ಮ ಸಭೆ. ಅಲ್ಲಿನ ಅಯ್ಯನವರನ್ನು ಹಿಡಿದು, ದೊಡ್ಡವರಿಗೂ ಒಂದು ಸತ್ಯವೇದದ ಪಾಠ ಶುರು ಮಾಡಿ ಎಂದು ಕೇಳಿದ್ದೇನೆ. ಐದು ಜನ ಸೇರಿದರೆ ಮಾಡೋಣ ಎಂದಿದ್ದಾರೆ. ಮೂರು ಜನ ಸಿಕ್ಕಿದ್ದಾರೆ.

ಹೋದ ವಾರ ಬೆಟಗೇರಿಗೆ ಹೋಗಿದ್ದೆ. ಅಪ್ಪನ ಸಮಾಧಿಗೆ ಇನ್ನೂ ಕಲ್ಲು ಹಾಕಿರಲಿಲ್ಲ. ಕಲ್ಲು ಕೆತ್ತುವವನು ಏನು ಬರೆಯಬೇಕು ಎಂದು ತಿಂಗಳಿನಿಂದ ಕೇಳುತ್ತಿದ್ದ, ನಾವು ಯಾರೂ ಉತ್ತರ ಕೊಟ್ಟಿರಲಿಲ್ಲ. ಅವ್ವ ಮತ್ತು ನಾನು ಕುಳಿತು ತೀರ್ಮಾನ ಮಾಡಿದೆವು. ಅಪ್ಪನ ಹೆಸರು, ಹುಟ್ಟಿದ ದಿನ, ಕೆಳಗೆ ‘ಕರ್ತನಲ್ಲಿ ನಿದ್ರೆಹೋದ ದಿನ’. ಅದರ ಕೆಳಗೆ 1 ಥೆಸಲೊನೀಕ 4:14, ಯೇಸುವಿನಲ್ಲಿ ನಿದ್ರೆಹೋದವರನ್ನು ದೇವರು ಆತನ ಜೊತೆ ಕರೆತರುತ್ತಾನೆ ಎಂಬ ವಚನ. ಅವ್ವ ಆ ವಚನವನ್ನು ಎರಡು ಸಲ ಓದಿಸಿಕೊಂಡಳು. ಕಲ್ಲಿನವನು ಅಕ್ಷರಕ್ಕೆ ಇಷ್ಟು ಎಂದು ಲೆಕ್ಕ ಹಾಕುತ್ತಾನೆ. ಅದಕ್ಕೇ ವಚನದ ನಂಬರ್ ಮಾತ್ರ ಹಾಕಿಸಿದ್ದೇವೆ.